ಅಜ್ಜಿಯ ಮೋಟಾರ್, ಸರೋಜಾ ಆಂಟಿಯ ತಂಬೂರಿ

ಸುದ್ದಗುಂಟೆಪಾಳ್ಯದಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮನೆ ಕಟ್ಟಿಸಿ ಮಹಡಿ ಬಾಡಿಗೆಗೆ ಕೊಟ್ಟಿದ್ದ ನಮ್ಮಜ್ಜಿಗೆ ಸಂಪಿನ ನೀರೆಂದರೆ ಪ್ರಾಣ, ಬಾಡಿಗೆಯವರೆಂದರೆ ಅನುಮಾನ. ಅನುಮಾನದಲ್ಲಿ ನಾನೂ ಅವಳ ಮೊಮ್ಮಗಳೇ.

ಆ ಬೇಸಿಗೆಯಲ್ಲಿ ಧಾರವಾಡದ ಸರೋಜಾ ಆಂಟಿ ಮಹಡಿಗೆ ಬಂದರು. ಆಫೀಸು ಕೆಲಸ, ಒಬ್ಬರೇ. ಜೊತೆಗೆ ದುಪ್ಪಟಿಯಲ್ಲಿ ಸುತ್ತಿದ, ನನಗಿಂತ ಉದ್ದದ ಒಂದು ಗಂಟು.

"ಅದ್ರಲ್ಲಿ ಏನೈತೋ ನೋಡ್ಕೊಂಡ್ ಬಾರೇ," ಎಂದು ಅಜ್ಜಿ ನನ್ನನ್ನು ಅಟ್ಟಿದಳು.

ನೋಡಿದರೆ ತಂಬೂರಿ! ಅವರಪ್ಪನದಂತೆ. ಆಂಟಿ ನನ್ನ ಕೈಗೆ ಒಗ್ಗರಣೆ ಅವಲಕ್ಕಿ ಕೊಟ್ಟು, ಕೊನೆಯ ದಪ್ಪ ತಂತಿ ಮೀಟಿದರು. "ಇದು ಖರ್ಜ, ಪುಟ್ಟಿ. ಎಲ್ಲಾಕ್ಕಿಂತ ಕೆಳಗಿನ ಸಾ." ಗೂಡಿನಲ್ಲಿದ್ದ ಸ್ಟೀಲ್ ಲೋಟ ನಡುಗಿತು. ನನ್ನ ಮೈ ಜುಂ ಅಂತು.

ಕೆಳಗಿನಿಂದ ಅಜ್ಜಿ ಕೂಗಿದಳು: "ಯಾರೇ ಅದು, ಕದ್ದು ಸಂಪಿನ ಮೋಟಾರ್ ಹಾಕಿರೋದು?"

"ಮೋಟಾರ್ ಅಲ್ರೀ ಅಜ್ಜಿ, ತಂಬೂರಿ!"

"ತಂತಿ ಮೀಟಿದ್ರೆ ಗೋಡೆ ಗುಂಯ್ ಅಂತದಾ? ಯಾರ ಕಿವಿ ಮೇಲೆ ಹೂ ಇಡ್ತೀಯಮ್ಮ?" ಅಂದಿನಿಂದ ಖರ್ಜ ಮೊಳಗಿದಾಗಲೆಲ್ಲ ಅಜ್ಜಿ ಸಂಪಿನ ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೀರು ಅಳೆಯುತ್ತಿದ್ದಳು.

ಭಾನುವಾರ ಆಂಟಿ ಹಾಡಲು ಜಯನಗರಕ್ಕೆ ಹೊರಟರೆ ಕಂಡಕ್ಟರಿಗೂ ಅನುಮಾನ. "ಮೇಡಂ, ಅದೇನದು? ಇಳೀರಿ." ಆಟೋದಲ್ಲಿ ತಂಬೂರಿಯ ಕತ್ತು ಹೊರಗೆ ಚಾಚಿ, ಒಮ್ಮೆ ಸ್ಕೂಟರಿಗೆ ತಗುಲಿ ತಂತಿ ಬಿಗಿಯುವ ಬಿರಡೆಯೇ ಮುರಿಯಿತು. ಬೇಸತ್ತ ಆಂಟಿ ವಾದ್ಯದ ಅಂಗಡಿಗೆ ಅಪ್ಪನ ತಂಬೂರಿ ಕೊಟ್ಟು, ತೊಡೆ ಮೇಲೆ ಕೂರುವಂಥ ಗಿಡ್ಡ ತಂಬೂರಿ ತಂದರು.

ಖರ್ಜಕ್ಕೆ ಇಳಿಸಿದರೆ ತಂತಿ ಜೋತುಬಿದ್ದು ಬರ್ರ್ ಅಂತಿತ್ತು. ಬಿಗಿದರೆ ಸಾ ಮೇಲೆ ಏರುತ್ತಿತ್ತು. ಲೋಟ ಮಿಸುಕಲಿಲ್ಲ.

"ತಂತಿ ಉದ್ದ ಇಲ್ಲಂದ್ರ ಖರ್ಜ ಎಲ್ಲಿಂದ ಬರಬೇಕವ್ವಾ," ಎಂದು ಆಂಟಿ ಕಣ್ಣೊರೆಸಿಕೊಂಡರು. ಮರುದಿನವೇ ಅಂಗಡಿಗೆ ಓಡಿದರು. ಹಳೆಯದು ಆಗಲೇ ಯಾರ ಮನೆಗೋ ಹೋಗಿತ್ತು.

ಒಂದು ವಾರ ಕಳೆದ ಮೇಲೆ ಅಜ್ಜಿ ಮಂಡಿ ಹಿಡಿದುಕೊಂಡು ಮಹಡಿ ಹತ್ತಿದಳು. "ಏನ್ ಸರೋಜಮ್ಮ, ಮೋಟಾರ್ ಸದ್ದೇ ಇಲ್ಲ? ಮನೆ ಖಾಲಿ ಮಾಡ್ತೀಯೇನು?" ಮೂಲೆಯ ಗಿಡ್ಡ ತಂಬೂರಿ ಕಂಡಳು. ಗೋಡೆಗೆ ಅಂಗೈ ಒತ್ತಿ ನಿಂತಳು. "ಹಾಕಮ್ಮ ಒಂದ್ಸಲ. ನಾನೇನೂ ಅನ್ನಲ್ಲ."

ಆಂಟಿ ಗಿಡ್ಡ ತಂಬೂರಿಯನ್ನೇ ಮೀಟಿದರು; ಗೋಡೆ ಗುಂಯ್ ಅನ್ನಲಿಲ್ಲ.

ಅಜ್ಜಿ ಈಗಿಲ್ಲ. ಈಗ ನಾನೂ ಹಾಡುತ್ತೇನೆ; ನನ್ನ ತಂಬೂರಿ ಮೊಬೈಲಿನ ಆ್ಯಪಿನಲ್ಲಿದೆ, ಬಸ್ಸು, ಆಟೋ ಎಲ್ಲಕ್ಕೂ ಸಲೀಸು. ನನಗೆ ಮಾತ್ರ ಅದರ ಮೇಲೆ ನಂಬಿಕೆ ಇಲ್ಲ. ಹಾಡುವ ಮುಂಚೆ ಪಕ್ಕದಲ್ಲಿ ಸ್ಟೀಲ್ ಲೋಟ ಇಟ್ಟು ನೋಡುತ್ತೇನೆ. ಅದು ಸುಮ್ಮನೆ ಕೂತಿರುತ್ತದೆ. ಕೆಳಗಿನ ಮನೆಯಿಂದ ಯಾರೂ ಕೂಗುವುದಿಲ್ಲ.