ಕುಂಡಗಳ ಕಾಡು

ಥರ್ಮೋಕೋಲಿನ ಒಂದು ಬಿಳಿ ಮಣಿ ಸೀರೆಯ ನೆರಿಗೆಗೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ನೀವು ಗಮನಿಸಿದ್ದೀರಾ? ಕೊಡವಿದರೆ ಕೈಗೆ ಬರುತ್ತದೆ, ಕೈ ಒರೆಸಿದರೆ ಸೆರಗಿಗೆ ಹೋಗುತ್ತದೆ, ಸೆರಗು ಝಾಡಿಸಿದರೆ ಪಕ್ಕದಲ್ಲಿ ಕುಳಿತವರ ಮುಡಿಯನ್ನು ಅಲಂಕರಿಸುತ್ತದೆ. ಹೋಗಿಬರುತ್ತೇನೆಂದು ಎದ್ದಮೇಲೂ ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಹರಟುವ ನನ್ನಂಥ ಅತಿಥಿಗಳಿಗೆ ಈ ಮಣಿಯೇ ಕುಲದೇವತೆಯಿರಬೇಕು.

ಗುಂಡ್ಲುಪೇಟೆಯ ಮಹಿಳಾ ಸಮಾಜದವರಾದ ನಾವು ಒಮ್ಮೆ ಪೌರಾಣಿಕ ನಾಟಕವೊಂದಕ್ಕೆ ಇಂಥ ಮಣಿಗಳಿಂದಲೇ ಹಿಮಾಲಯವನ್ನು ಕಟ್ಟಿದ್ದೆವು. ಚಾಮರಾಜನಗರದಿಂದ ಬಸ್ಸಿನ ಟಾಪಿನ ಮೇಲೆ ಪಯಣಿಸಿ ಬಂದ ಹಿಮಾಲಯ ಅದು. ನಾಟಕ ಕ್ಷಣಿಕವಾಯಿತು, ಥರ್ಮೋಕೋಲು ಶಾಶ್ವತವಾಯಿತು. ಮುರಿದು ಸಭಾಂಗಣದ ಹಿತ್ತಿಲಿಗೆ ಎಸೆದದ್ದು ಗಾಳಿಗೆ ಚೂರುಚೂರಾಗಿ, ಚರಂಡಿಗಿಳಿಯಿತು; ಮೊದಲ ಮಳೆಗೇ ಚರಂಡಿ ಕಟ್ಟಿಕೊಂಡು ನೀರು ಪಕ್ಕದ ಟೈಲರ್ ಅಂಗಡಿಗೆ ನುಗ್ಗಿತು. ಆ ಅಂಗಡಿಯ ಶಕೀಲಾ ನನ್ನ ಗೆಳತಿ, ನಮ್ಮ ನಾಟಕಗಳ ವೇಷಭೂಷಣವೆಲ್ಲ ಅವಳದೇ. ನೆನೆದ ಬಟ್ಟೆಗಳ ಮಧ್ಯೆ ಸಲ್ವಾರ್ ಎತ್ತಿ ಹಿಡಿದು ನಿಂತವಳು, "ಅಕ್ಕಾ, ನಿಮ್ ಹಿಮಾಲಯ ಕರಗಿ ಗಂಗಮ್ಮ ಸೀದಾ ನಮ್ ಅಂಗ್ಡಿಗೇ ಬಂದವ್ಳೆ ನೋಡಿ. ಏನ್ ಪುಣ್ಯ ಮಾಡಿದ್ವೋ!" ಅಂದಳು.

ಅವಳೇನೋ ನಕ್ಕಳು. ಸಭಾಂಗಣದ ಕಾರ್ಯದರ್ಶಿ ಮಾದಪ್ಪನವರು ನಗಲಿಲ್ಲ. "ಇನ್ನೊಂದ್ ಕಿತ ಆಡಿ, ಬ್ಯಾಡ ಅನ್ನಕಿಲ್ಲ. ಆದ್ರ ಒಂದ್ ಚೂರು ಕಸ ಉಳುದ್ರೂ ಈ ಬಾಗ್ಲು ನಿಮ್ಗ ಮುಚ್ಚೋಯ್ತು ಅಂತ ತಿಳ್ಕಳಿ" ಎಂದುಬಿಟ್ಟರು. ಮುಚ್ಚಿದರೆ ಮುಚ್ಚಲಿ ಎನ್ನುವ ಹಾಗಿರಲಿಲ್ಲ. ಊರಿನಲ್ಲಿ ಹೆಂಗಸರು ಕಾಲು ಚಾಚಿ ಕುಳಿತು, ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗಬಹುದಾಗಿದ್ದ ಜಾಗ ಅದೊಂದೇ.

ಕಾಡುಪ್ರಾಣಿಗಳ ಸಲುವಾಗಿ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರ ನಿಂತ ಹೊಸತು. ಬಸ್ ಸ್ಟ್ಯಾಂಡಿನಿಂದ ಹಿಟ್ಟಿನ ಗಿರಣಿಯವರೆಗೆ ಎಲ್ಲರ ಬಾಯಲ್ಲೂ ಕಾಡಿನದೇ ಮಾತಿದ್ದುದರಿಂದ ನಾವೂ ಕಾಡಿನ ನಾಟಕವನ್ನೇ ಬರೆದೆವು. ಕಂಟ್ರಾಕ್ಟರನೊಬ್ಬ ಮರ ಕಡಿಯಲು ಬರುತ್ತಾನೆ, ಊರಿಗೆ ಊರೇ ಬಂದು ಮರಗಳನ್ನು ತಬ್ಬಿ ನಿಲ್ಲುತ್ತದೆ. ನಮ್ಮ ಬಳಿ ಊರಿನ ಪಾತ್ರಕ್ಕೆ ಇದ್ದವರು ಮೂವರೇ ಎಂಬುದು ಬೇರೆ ಮಾತು. ರಂಗಭೂಮಿ ಎಂಬ ಪದದಲ್ಲಿ ಅರ್ಧ ಭೂಮಿಯೇ ಇದೆ ಎಂಬ ಜ್ಞಾನೋದಯ ನನಗೆ ಸಾರಿನ ಒಗ್ಗರಣೆ ಸೀಯುತ್ತಿರುವಾಗ ಆಯಿತು. ಅಂದಿನಿಂದ ನನ್ನ ಉತ್ಸಾಹಕ್ಕೆ ಮನೆಯವರು ಸೀದ ಸಾರಿನ ಸುಂಕ ಕಟ್ಟಬೇಕಾಯಿತು.

ಥರ್ಮೋಕೋಲು ಬೇಡ, ಪ್ಲಾಸ್ಟಿಕ್ ಎಲೆ ಬೇಡ, ನಿಜವಾದ ಕೊಂಬೆಗಳನ್ನೇ ಕಡಿದು ತಂದು ನಿಲ್ಲಿಸೋಣವೆಂದು ನಾನು ಸಂಭ್ರಮದಿಂದ ಘೋಷಿಸಿದಾಗ ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಕಾಡು ಉಳಿಸೋ ನಾಟಕಕ್ಕೆ ಕಾಡು ಕಡೀತೀರಾ? ಭೇಷ್! ಕಂಟ್ರಾಕ್ಟರ್ ಪಾತ್ರ ನಿಂದೇನಾ?" ಎಂದರು. ನಾನು ಹಿತ್ತಿಲಿಗೆ ಹೋಗಿ ಗಿಡಗಳಿಗೆ ನೀರು ಹಾಕತೊಡಗಿದೆ. ಹಾಗೆ ಹಾಕುತ್ತಿರುವಾಗಲೇ ಕಂಡದ್ದು: ಕಾಡು ನಮ್ಮೆಲ್ಲರ ಮನೆಗಳಲ್ಲಿ, ಕುಂಡ ಕುಂಡಗಳಾಗಿ ಹಂಚಿಹೋಗಿ ಕುಳಿತಿದೆ!

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಟಿಕೆಟ್ಟಿನ ಬದಲು ಒಂದು ಕುಂಡ. ಕುಂಡ ತಂದವರಿಗೆ ಮುಂದಿನ ಸಾಲು. ಆಗತಾನೇ ಊರಿಗೆ ಬಂದಿದ್ದ ಫ್ಲೆಕ್ಸ್ ಬ್ಯಾನರಿನ ಬದಲು ಬಾಗಿಲಲ್ಲಿ ರಂಗೋಲಿ. ಕಣ್ಣು ಕುಕ್ಕುವ ದೀಪಗಳ ಬದಲು ಇಳಿಬಿಸಿಲು. ನಾಟಕ ಸಂಜೆ ನಾಲ್ಕಕ್ಕೆ, ಕಿಟಕಿ ಬಾಗಿಲುಗಳನ್ನೆಲ್ಲ ಹಾರುಹೊಡೆದು. ಕರೆಂಟು ಹೋದರೂ ನಮಗೆ ಗೊತ್ತಾಗುವಂತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಪುಳಕವಾಗುತ್ತದೆ.

ಕುಂಡ ಕೇಳುವುದು ಮಾತ್ರ ಹೆಣ್ಣು ಕೇಳಿದಷ್ಟೇ ಕಷ್ಟ. ತುಳಸಿಯನ್ನು ಯಾರೂ ಕಳಿಸಲಿಲ್ಲ. ಕರಿಬೇವಿನ ಗಿಡ ಗಂಧದ ಮರವಾಗಲು ಒಪ್ಪಿತು, ಶಕೀಲಾಳ ಮನೆಯ ಗೋರಂಟಿ ಬಿದಿರಮೆಳೆಯಾಯಿತು. ಎದುರುಮನೆಯ ನಾಗಮ್ಮ, ಭೀಮನಬೀಡು ಹಳ್ಳಿಯಿಂದ ಬಂದವರು, ತಮ್ಮ ಮೊಗ್ಗು ಬಿಟ್ಟ ದುಂಡುಮಲ್ಲಿಗೆಯನ್ನು ಕೊಡುವಾಗ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಎರಡೆರಡು ಸಲ ಅದರ ತಲೆ ಸವರಿ, "ತಕ್ಕಂಡೋಗು. ಒಂದ್ ಮೊಗ್ ಉದುರುದ್ರೂ ನಿನ್ ಬುಡಾಕಿಲ್ಲ ಕಣವ್ವ" ಎಂದರು.

ನನ್ನ ಪಾತ್ರ ಆಲದ ಮರದ್ದು. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗಲೂ ನಾನು ವರ್ಷವರ್ಷವೂ ಮರವೇ. ಕ್ರೇಪ್ ಕಾಗದದ ಬಣ್ಣ ಬೆವರಿಗೆ ಕರಗಿ ಮೊಣಕೈವರೆಗೆ ಹಸಿರಾಗಿ ಮನೆಗೆ ಬರುತ್ತಿದ್ದೆ. ಸಿಸ್ಟರ್ ಕಲಿಸಿದ ನಾಟ್ಯಶಾಸ್ತ್ರ ಒಂದೇ ವಾಕ್ಯದ್ದು: ಮರ ಅಲ್ಲಾಡಬಾರದು.

ನಾಟಕದ ದಿನ ಸಭಾಂಗಣ ಕಿಕ್ಕಿರಿದಿತ್ತು. ಜನ ನಾಟಕ ನೋಡುವುದಕ್ಕಿಂತ ತಮ್ಮ ತಮ್ಮ ಗಿಡಗಳನ್ನು ಹುಡುಕುವುದರಲ್ಲಿ ಮಗ್ನರಾಗಿದ್ದರು. ಕಂಟ್ರಾಕ್ಟರ್ ಆಗಿ ಶಕೀಲಾ ತೆಂಗಿನ ನಾರಿನ ಮೀಸೆ ತಿರುವುತ್ತ, ಲುಂಗಿ ಮೇಲೆತ್ತಿ ಕಟ್ಟಿ, ಕೊಡಲಿ ಹೆಗಲಿಗೇರಿಸಿ, "ಕಡೀರಿ!" ಎಂದು ಗರ್ಜಿಸಿದಳು. ಅದೇ ಸಮಯಕ್ಕೆ, ಗಾಳಿಗೆಂದು ತೆರೆದಿಟ್ಟ ಪಕ್ಕದ ಬಾಗಿಲಿನಿಂದ ಗಡ್ಡ ಅಲ್ಲಾಡಿಸುತ್ತ ಒಳಗೆ ಬಂದದ್ದು ಒಂದು ಹೋತ. ಮಾದಪ್ಪನವರದು, ಹಿತ್ತಿಲಲ್ಲಿ ಕಟ್ಟಿದ್ದದ್ದು, ಹಗ್ಗ ಬಿಚ್ಚಿಕೊಂಡಿತ್ತು. ಥರ್ಮೋಕೋಲಿನ ಹಿಮಾಲಯವನ್ನು ಅದು ಅಂದು ಮೂಸಿಯೂ ನೋಡಿರಲಿಲ್ಲ.

ಮೊದಲು ಗಂಧದ ಮರವನ್ನು ತಿಂದಿತು. ಆಮೇಲೆ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಗಸೆ ಸೊಪ್ಪಿಗೆ ಬಾಯಿಟ್ಟಿತು. ಮರ ಅಲ್ಲಾಡಬಾರದು! ನಾನು ಉಸಿರು ಬಿಗಿಹಿಡಿದು, ಕಣ್ಣಲ್ಲೇ ಶಕೀಲಾಳನ್ನು ಬೇಡಿಕೊಂಡೆ. ಅವಳೋ ಮೀಸೆ ಬೀಳದಂತೆ ಹಿಡಿದು ನಗುತ್ತಿದ್ದಳು. ಹೋತ ನನ್ನನ್ನು ಬಿಟ್ಟು ದುಂಡುಮಲ್ಲಿಗೆಯತ್ತ ತಿರುಗಿತು.

"ಅಯ್ಯೋ, ನನ್ ಮಲ್ಗೆ!"

ನಾಗಮ್ಮ ಮುಂದಿನ ಸಾಲಿನಿಂದ ಎದ್ದವರು, ಕಚ್ಚೆ ಕಟ್ಟಿದವರಂತೆ ಸೀರೆ ಎತ್ತಿ ರಂಗದ ಮೇಲೆ ಹಾರಿ, ಕುಂಡವನ್ನು ಎದೆಗವಚಿಕೊಂಡು ಕುಳಿತುಬಿಟ್ಟರು. ಅವರ ಹಿಂದೆಯೇ ದಾಸವಾಳದವರು, ಕನಕಾಂಬರದವರು, ನಿಂಬೆಯವರು. "ನಮ್ದು ಕಣ್ರೀ ಅದು!" "ಹಿಡ್ಕ, ಹಿಡ್ಕ!" ನೋಡನೋಡುತ್ತಿದ್ದಂತೆ ಒಂದೊಂದು ಗಿಡವನ್ನೂ ಒಬ್ಬೊಬ್ಬ ಹೆಂಗಸು ತಬ್ಬಿ ನಿಂತಿದ್ದಳು. ಕಂಟ್ರಾಕ್ಟರನ ಎದುರು ಊರಿಗೆ ಊರೇ ನಿಂತಿತ್ತು. ನಾವು ಬರೆದಿದ್ದ ಕೊನೆಯ ದೃಶ್ಯ ಇದೇ ಆಗಿತ್ತಲ್ಲ! ಶಕೀಲಾಗೂ ಅದು ಹೊಳೆದಿರಬೇಕು. ಕೊಡಲಿಯನ್ನು ಬಿಸಾಕಿ, "ಸೋತೆ ಕಣ್ರಮ್ಮಾ" ಎಂದು ಕೈಮುಗಿದಳು. ಹಾಲು ಉಕ್ಕಿದ ಹಾಗೆ ಚಪ್ಪಾಳೆ ಉಕ್ಕಿತು. ಕಾಗದದ ಮರವನ್ನು ಕಾಪಾಡಲು ಯಾರಾದರೂ ಹೀಗೆ ಓಡಿಬರುತ್ತಿದ್ದರೇ?

ಎಲ್ಲ ಮುಗಿದ ಮೇಲೆ ಮಾದಪ್ಪನವರು ತಪಾಸಣೆಗೆ ಬಂದರು. ರಂಗದ ನಟ್ಟನಡುವೆ ಹೋತ ತನ್ನ ಅಭಿಪ್ರಾಯವನ್ನು ಕಪ್ಪು ಮಣಿಗಳಲ್ಲಿ ಉದುರಿಸಿ ಹೋಗಿತ್ತು.

"ಇದೇನಮ್ಮ ಕಸ?"

"ಕಸ ಅಲ್ಲ ಸಾರ್, ಗೊಬ್ಬರ" ಎಂದಳು ಶಕೀಲಾ, ಮೀಸೆ ಕೀಳುತ್ತ. "ನಿಮ್ ಹೋತುಂದೇ. ಬೇಕಾದ್ರೆ ವಾಪಸ್ ತಗಳಿ."

ತೆಗೆದುಕೊಳ್ಳಲು ಉಳಿದರೆ ತಾನೇ? ನಾಗಮ್ಮ ಆಗಲೇ ಬಾಗಿ ತಮ್ಮ ಮಲ್ಲಿಗೆಯ ಬುಡಕ್ಕೆ ತುಂಬಿಕೊಳ್ಳುತ್ತಿದ್ದರು. ಉಳಿದವರು, "ನಮ್ಗೂ ಒಸಿ ಬುಡಿ" ಎಂದು ಮುಗಿಬಿದ್ದರು. ಮಾದಪ್ಪನವರು ಮೂಲೆ ಮೂಲೆ ನೋಡಿದರು. ಚೊಕ್ಕಟವಾದ ನೆಲ, ಅದರ ಮೇಲೆ ಕಾಲು ಚಾಚಿ, ಕುಂಡಗಳನ್ನು ಮಡಿಲಲ್ಲಿಟ್ಟುಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದ ನಾವು. ಅವರು ಬೀಗದ ಕೈಯನ್ನು ಬಾಗಿಲ ಮೊಳೆಗೆ ತಗುಲಿಹಾಕಿ, "ಓಗವಾಗ ಬೀಗ ನೀವೇ ಹಾಕ್ಕೊಂಡೋಗಿ" ಎಂದರು. ಆಮೇಲೆ ಹೊರಗೆ ನಿಂತಿದ್ದ ಹೋತದ ಹಗ್ಗ ಎಳೆದು, "ಬಾರ್ಲಾ ಕಲಾವಿದ, ಮನ್ಗೋಗನ" ಎಂದು ನಡೆದರು.