ಫೇಫಡಾ ಅಂದರೆ ಹಪ್ಪಳ

ಸಂಗಪ್ಪ ಮಾಸ್ತರು ಎದೆ ತುಂಬ ಉಸಿರೆಳೆದರೆ ಅಂಗಿಯ ಗುಂಡಿ ಹಾರಿ ಮುಂದಿನ ಸಾಲಿನವರ ಪಾಟಿಯ ಮೇಲೆ ಬೀಳುತ್ತಿತ್ತು. ಪಾಠ ನಿಲ್ಲಿಸದೆ ಅದನ್ನು ಹೆಕ್ಕಿ ಕಿಸೆಗೆ ಹಾಕಿಕೊಳ್ಳುವರು. ನಿಜಾಮರ ಕಾಲದ ಕುಷ್ಟಗಿ ಶಾಲೆಯಲ್ಲಿ ನಮಗೆ ಶರೀರದ ಪಾಠ ಹೇಳಿದವರು ಅವರೇ. ಮನೆಯಲ್ಲಿ ಆರು ಹೊಟ್ಟೆ. ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

ಪುಪ್ಪುಸದ, ಅಂದರೆ ಶ್ವಾಸಕೋಶದ, ಪಾಠದ ದಿನ ಉಳ್ಳಾಗಡ್ಡಿಯ ತೆಳ್ಳನೆಯ ಪೊರೆ ಬಿಡಿಸಿ ಎತ್ತಿ ಹಿಡಿದರು. "ಎದಿಯೊಳಗ ಗಾಳಿ ಕೊಳವಿ ಗಿಡದ ಟೊಂಗಿಯಂಗ ಒಡಕೋತ ಹೋಗತೈತಿ. ತುದಿಗೆ ಸಣ್ಣ ಸಣ್ಣ ಗುಳ್ಳಿ. ಅವುಗಳ ಗ್ವಾಡಿ ಇದಕಿಂತ ತೆಳು. ಈ ಕಡೆ ಗಾಳಿ, ಆ ಕಡೆ ರಕ್ತ. ಗ್ವಾಡಿ ದಾಟಿ ಛಲೋ ಗಾಳಿ ರಕ್ತಕ್ಕ, ಕೆಟ್ಟದ್ದು ಹೊರಗ. ಗುಳ್ಳಿ ಎಲ್ಲಾ ಬಿಚ್ಚಿ ಹಾಸಿದ್ರ ಈ ಖೋಲಿ ಸಾಲೂದಿಲ್ಲ." ಪುಸ್ತಕದಲ್ಲಿದ್ದ ಉರ್ದು ಹೆಸರನ್ನು ನಾವು ಕೇಳಿದರೆ, "ಮೊದಲ ತಿಳೀಲಿ, ಹೆಸರು ನಾಳಿ ಬರತೈತಿ" ಅನ್ನುವರು.

ಆ ನಾಳೆಗಿಂತ ಮೊದಲೇ ತನಿಖೆ ಸಾಹೇಬರು ಬಂದರು. ಮಾಸ್ತರನ್ನು ಕಾಯಂ ಮಾಡುವುದೂ ಮನೆಗೆ ಕಳಿಸುವುದೂ ಅವರ ಕೈಯಲ್ಲಿತ್ತು. ಅವರಿಗೆ ಕನ್ನಡ ಬಾರದು. ಎಬ್ಬಿಸಿದ್ದು ನನ್ನನ್ನೇ.

"ಫೇಫಡಾ ಕೈಸಾ ಹೋತಾ ಹೈ?"

ಅವರು ಕೇಳಿದ್ದು ಪುಪ್ಪುಸ ಹೇಗಿರುತ್ತದೆ ಎಂದು. ನನ್ನ ಕಿವಿಗೆ ಬಿದ್ದದ್ದು 'ಪಾಪಡ'. ಹಪ್ಪಳದ ವಿಷಯ ನನಗೆ ಯಾರು ಕಲಿಸಬೇಕು? ಬೇಸಿಗೆಯೆಲ್ಲ ಅವ್ವನ ಜೊತೆ ಲಟ್ಟಿಸುತ್ತಿದ್ದೆ. ಕನ್ನಡದಲ್ಲೇ ಧೈರ್ಯವಾಗಿ ಶುರು ಮಾಡಿದೆ. ಮಾಸ್ತರು ಉರ್ದುವಿಗೆ ತಿರುಗಿಸುತ್ತ ಹೋದರು.

"ಭಾಳ ತೆಳು ಇರತೈತ್ರಿ. ಹಸಿ ಇರಬೇಕ್ರಿ, ಒಣಗಿದ್ರ ಸೀಳತೈತಿ. ಮೈತುಂಬ ಗುಳ್ಳಿ ಇರತಾವ್ರಿ."

ಗುಳ್ಳೆಯೊಳಗೆ ಏನಿರುತ್ತದೆ ಎಂದು ಸಾಹೇಬರು ಕೇಳಿದರು.

"ಗಾಳಿರಿ."

ಸಾಹೇಬರು ತಲೆದೂಗಿದರು. ನನಗೆ ಹುರುಪು ಬಂತು. "ಎಣ್ಣ್ಯಾಗ ಕರದ್ರ ಇನ್ನೂ ಛಲೋ ಉಬ್ಬತೈತ್ರಿ."

ಮಾಸ್ತರ ಮುಖ ಬಿಳಿಚಿತು. ಆಮೇಲೆ ಬಹಳ ಗಂಭೀರವಾಗಿ, ಶುದ್ಧ ಹವೆ ಸಿಕ್ಕರೆ ಇನ್ನೂ ಚೆನ್ನಾಗಿ ಉಬ್ಬುತ್ತದೆ ಎಂದು ಉರ್ದುವಿನಲ್ಲಿ ಹೇಳಿಬಿಟ್ಟರು. ಸಾಹೇಬರು ನನಗೆ ಶಾಬಾಸ್ ಅಂದರು.

ಸಾಹೇಬರ ಟಾಂಗಾ ಮರೆಯಾದ ಮೇಲೆ ಮಾಸ್ತರು ಫೇಫಡಾ ಅಂದರೆ ಏನೆಂದು ತಿಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆನಲ್ಲ ಎಂದು ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಾಯಂ ಹುಕುಮು ಬಂತು. ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ವರ್ಗವೂ ಅದರ ಬೆನ್ನಿಗೇ ಬಂತು. ಹೊರಟ ದಿನ ಮಾಸ್ತರು ನಮ್ಮ ಮನೆಯ ಮುಂದೆ ಬಂಡಿ ನಿಲ್ಲಿಸಿ ನನ್ನನ್ನು ಕರೆದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

"ಫೇಫಡಾ ಅಂದ್ರೇನವ್ವ?"

"ಪುಪ್ಪುಸರಿ."

"ಏನ್ ಮಾಡತೈತಿ?"

ಬಿಕ್ಕುತ್ತಲೇ ಇಡೀ ಪಾಠವನ್ನು ಒಂದು ಮಾತೂ ಬಿಡದೆ ಒಪ್ಪಿಸಿದೆ. ಅವಸರ ಮಾಡದೆ ಕೊನೆಯ ತನಕ ಕೇಳಿ, ಮಾಸ್ತರು ಬಂಡಿ ಹತ್ತಿದರು.

"ನಾ ಕಾಯಂ ಆಗಿದ್ದು ಈಗ ನೋಡವ್ವ," ಅಂದರು.