ನಮ್ಮ ಯಜಮಾನರ ಕಿಡ್ನಿಗೆ ಏರಿದ ಬೂಷ್ಟು

ಮೊದಲು ಬಂದದ್ದು ಉರಿ. ಮೂತ್ರಕ್ಕೆ ಹೋದಾಗಲೆಲ್ಲ ನಮ್ಮ ಯಜಮಾನರು ಹಲ್ಲು ಕಚ್ಚುತ್ತಿದ್ದರು. ಉಷ್ಣವಾಗಿದೆ ಎಂದು ತಾವೇ ತೀರ್ಮಾನಿಸಿ, ಬಿಜ್ಜರಗಿಯ ನಮ್ಮ ಮನೆಯಲ್ಲಿದ್ದ ಮಜ್ಜಿಗೆಯನ್ನೆಲ್ಲ ಕುಡಿದು ಮುಗಿಸಿದರು. ಉರಿ ಹೋಗಲಿಲ್ಲ. ಮಜ್ಜಿಗೆ ಹೋಯಿತು.

ವಿಜಯಪುರದ ಡಾಕ್ಟರು ಯೂರಿನ್ ಟೆಸ್ಟ್ ಮಾಡಿಸಿ, ಫಂಗಸ್ ಎಂದರು. ಶುಗರ್ ಇದ್ದವರಿಗೆ ಹೀಗಾಗುವುದುಂಟಂತೆ.

"ಫಂಗಸ್ ಅಂದ್ರ ಬೂಷ್ಟಲ್ರೀ?" ಯಜಮಾನರ ಮುಖ ಅರಳಿತು. ದ್ರಾಕ್ಷಿ ಬೆಳೆಯುವವರು, ಬಳ್ಳಿಗೆ ಹತ್ತುವ ಬೂಷ್ಟಿನ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ತೆರೆಯುವಂತಿಲ್ಲ. "ಲೀಟರಿಗೆ ಎಷ್ಟ ಗ್ರಾಂ ಹಾಕ್ತೀರಿ?" ಎಂದು ಡಾಕ್ಟರನ್ನೇ ವಿಚಾರಿಸಿದರು.

ಡಾಕ್ಟರು ನಕ್ಕು ಎರಡು ವಾರದ ಗುಳಿಗೆ ಬರೆದುಕೊಟ್ಟರು. "ಕಾಕಾರ, ಆರಾಮ ಆತು ಅಂತ ನಡುವ ಬಿಡಬ್ಯಾಡ್ರಿ."

ನಾಲ್ಕು ದಿನಕ್ಕೆ ಉರಿ ನಿಂತಿತು. ಗುಳಿಗೆಯೂ ನಿಂತಿತು.

"ಯಾಕ್ರೀ?" ಅಂದೆ.

"ಮ್ವಾಡ ಸರದು ಬಿಸಲ ಬಿದ್ದ ಮ್ಯಾಲ ಯಾವ ಶಾಣ್ಯಾ ಬಳ್ಳಿಗಿ ಔಷಧ ಹೊಡೀತಾನ?"

ಮೋಡ ಕವಿದರೆ ಬೂಷ್ಟು, ಬಿಸಿಲು ಬಿದ್ದರೆ ಮಾಯ ಎಂಬ ತೋಟದ ಲೆಕ್ಕವನ್ನು ಹೊಟ್ಟೆಗೂ ಹಾಕಿದ್ದರು. ನಾನು ಜಗಳವಾಡಿ ಸೋತೆ. ಅವರೊಂದಿಗೆ ಜಗಳವಾಡಿ ಗೆದ್ದವರೆಂದರೆ ಬಬಲೇಶ್ವರದಲ್ಲಿರುವ ಅವರ ಅಕ್ಕ ಒಬ್ಬರೇ. ಅವರು ಆ ವಾರ ಬರಲಿಲ್ಲ.

ಆಮೇಲೆ ಚಳಿಜ್ವರ. ಬೆನ್ನಿನ ಬಲಗಡೆ ನೋವು. ಸ್ಕ್ಯಾನ್.

ಫಂಗಸ್ ಕಿಡ್ನಿಗೆ ಏರಿತ್ತು.

ಅಲ್ಲಿ ಗಡ್ಡೆಗಟ್ಟಿ ಮೂತ್ರದ ದಾರಿಯನ್ನೇ ಮುಚ್ಚಿತ್ತು. ಆಸ್ಪತ್ರೆಗೆ ಸೇರಿಸಿಕೊಂಡು, ಬೆನ್ನಿನಿಂದ ಕಿಡ್ನಿಗೆ ಪೈಪ್ ಹಾಕಿ, ಸಲೈನ್‌ನಲ್ಲಿ ಔಷಧ ಬಿಟ್ಟರು. "ರಕ್ತದಾಗಿನ ಕ್ರಿಯಾಟಿನಿನ್ ಇಳೀಲಿಲ್ಲಂದ್ರ ಡಯಾಲಿಸಿಸ್ ಮಾಡಬೇಕಾಗತೈತ್ರಿ. ಕಿಡ್ನಿ ಉಳೀತೈತಿ ಅಂತ ಈಗ ಹೇಳಾಕ ಬರಂಗಿಲ್ಲ," ಎಂದರು ಡಾಕ್ಟರು.

ಅದಕ್ಕಿಂತ ನನಗೆ ಹೆಚ್ಚು ಹೆದರಿಕೆಯಾದದ್ದು ಬೇರೆ. ಯಜಮಾನರು ಒಳ್ಳೆಯವರಾಗಿಬಿಟ್ಟಿದ್ದರು. ಕೊಟ್ಟ ಗುಳಿಗೆಯನ್ನು ಸುಮ್ಮನೆ ನುಂಗುತ್ತಿದ್ದರು. ಸೂಜಿ ಚುಚ್ಚಿದ ನರ್ಸ್‌ಗೆ ಕೈ ಮುಗಿಯುತ್ತಿದ್ದರು. ಒಂದು ಸಂಜೆ, "ನೀ ಹೇಳಿದಂಗ ಆಗಲಿ, ಶಾಂತಾ" ಎಂದರು. ಮದುವೆಯಾದಂದಿನಿಂದ ನಾನು ಕೇಳಬೇಕೆಂದಿದ್ದ ಮಾತು. ಕೇಳಿದೊಡನೆ ಎದ್ದುಬಿಟ್ಟೆ. ಬಾತ್‌ರೂಮಿಗೆ ಹೋಗಿ ಅತ್ತೆ. ಇವರನ್ನು ಬದುಕಿಸಿಕೊಡು, ಹಾಳು ಸ್ವಭಾವದ ಸಮೇತ ಕೊಡು ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿದೆ.

ಕ್ರಿಯಾಟಿನಿನ್ ನಿಧಾನವಾಗಿ ಇಳಿಯತೊಡಗಿತು. ಕಿಡ್ನಿ ಉಳಿಯುತ್ತದೆ, ಆದರೆ ಪೂರ್ತಿ ಮೊದಲಿನಂತಾಗುತ್ತದೋ ಇಲ್ಲವೋ ನೋಡಬೇಕು ಎಂದರು ಡಾಕ್ಟರು. ನನಗೆ ಅಷ್ಟೇ ಸಾಕಿತ್ತು.

ಆ ಮಧ್ಯಾಹ್ನ ಯಜಮಾನರು ರೊಟ್ಟಿ ಮುರಿದು, ನಾನು ಮಾಡಿ ತಂದಿದ್ದ ಪಲ್ಯ ಹಚ್ಚಿ ಬಾಯಿಗಿಟ್ಟವರೇ ಮುಖ ಸಿಂಡರಿಸಿದರು.

"ಇದೇನ್ ಪಲ್ಯಾ ಮಾಡೀದಿ? ಉಪ್ಪಿಲ್ಲ, ಖಾರಿಲ್ಲ. ದನಾ ಸೈತ ಮೂಸಂಗಿಲ್ಲ!"

ಪಕ್ಕದ ಬೆಡ್ಡಿನವರು ಪಾಪ ಎಂಬಂತೆ ನನ್ನನ್ನು ನೋಡಿದರು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಏನಂದ್ರಿ?" ಅಂದೆ. "ಇನ್ನೊಮ್ಮೆ ಅನ್ರಿ."